ಸೊನ್ನೆಯ ಹಿಂದಿನ ದುರ್ಮುಖಿ

ಯುಗಾದಿಯ ಹಿಂದಿನ ದಿನ. ದೊಡ್ಡತೋಗೂರಿಗೆ ಹೋಗಿ ಬೇವು, ಮಾವಿನಸೊಪ್ಪು ತರಬೇಕಿದ್ದವನು ಅದನ್ನು ಸಂಜೆಗೆ ಮುಂದೂಡಿ ಲ್ಯಾಪ್‌ಟಾಪ್ ತೆರೆದು ಕೂತೆ. ಇಸವಿ ಹಾಕಿದರೆ ಸಂವತ್ಸರದ ಹೆಸರು ಹೇಳುವ ಒಂದು ಪುಟ್ಟ ವೆಬ್ ಪುಟ ಮಾಡಿ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಬೇಕೆಂಬ ಹುಕಿ. ಪ್ರಭವ, ವಿಭವ, ಶುಕ್ಲ ಎಂದು ಶುರುಮಾಡಿ ಅಕ್ಷಯದವರೆಗೆ ಅರವತ್ತು ಹೆಸರು ಟೈಪಿಸಲು ಮುಕ್ಕಾಲು ಗಂಟೆ ಹಿಡಿಯಿತು. ಲೆಕ್ಕದ ಸಾಲಿಗೆ ಅರ್ಧ ನಿಮಿಷ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಹನ್ನೆರಡು ವರ್ಷ ಇದೇ ಕೆಲಸ ಮಾಡಿದವನಿಗೆ ಆ ಸಾಲನ್ನು ಇನ್ನೊಮ್ಮೆ ನೋಡಬೇಕು ಅಂತಲೂ ಅನ್ನಿಸಲಿಲ್ಲ.

ಹತ್ತು ನಿಮಿಷಕ್ಕೆ ಊರಿಂದ ಅಪ್ಪನ ಫೋನು.

“ನಂದು ಹಾಕಿದರೆ ಏನೋ ಇಂಗ್ಲಿಷಲ್ಲಿ ಬರ್ತಿದೆ ಕಣಪ್ಪ. ಅನ್‌ಡಿಫೈನ್ಡ್ ಅಂತೆ. ಹಂಗೊಂದು ಸಂವತ್ಸರ ಇದೆಯಾ?”

ಅಪ್ಪ ಹುಟ್ಟಿದ್ದು 1956ರಲ್ಲಿ, ಕನ್ನಡ ನಾಡು ಒಂದಾದ ವರ್ಷ. ಅದು ದುರ್ಮುಖಿ ಸಂವತ್ಸರ ಎಂದು ಅವರಿಗೆ ಬಾಯಲ್ಲೇ ಗೊತ್ತು. ಸಿಟ್ಟು ಬಂದಾಗ ಅಜ್ಜಿ ಅದೇ ಹೆಸರು ಹಿಡಿದು ಬೈಯುತ್ತಿದ್ದರಂತೆ. ನನ್ನ ಪುಟಕ್ಕೆ ಮಾತ್ರ ಅದು ಗೊತ್ತಿರಲಿಲ್ಲ. 1987ರಿಂದ ಈಚೆಗೆ ಹುಟ್ಟಿದವರಿಗೆಲ್ಲ ಸರಿಯಾಗಿ ಹೇಳುತ್ತಿತ್ತು, ಅದಕ್ಕೆ ಮೊದಲಿನವರಿಗೆ ಬಾಯಿ ಕಟ್ಟುತ್ತಿತ್ತು. ಗುಂಪಿನಲ್ಲಿದ್ದ ಹದಿನೇಳು ಮಂದಿಯಲ್ಲಿ ಹನ್ನೊಂದು ಜನ ಅದಕ್ಕೆ ಮೊದಲಿನವರು.

ನಾನು ಬರೆದ ಸಾಲು ಇಷ್ಟೇ: ಇಸವಿಯಿಂದ 1987 ಕಳೆ, 60ರಿಂದ ಭಾಗಿಸು, ಉಳಿದ ಶೇಷ ಎಷ್ಟೋ ಅಷ್ಟನೇ ಮನೆಯ ಹೆಸರು ತೋರಿಸು. 1987 ಯಾಕೆಂದರೆ ಆ ವರ್ಷದ ಯುಗಾದಿಗೆ ಪ್ರಭವ ಬಂದಿತ್ತು, ಹೊಸ ಸುತ್ತು ಶುರುವಾಗಿತ್ತು. 2025ನ್ನು ಹಾಕಿ ನೋಡಿ. ಕಳೆದರೆ 38. ಅರವತ್ತಕ್ಕಿಂತ ಕಡಿಮೆ, ಹಾಗಾಗಿ ಶೇಷವೂ 38. ಕಂಪ್ಯೂಟರ್ ಮನೆಗಳನ್ನು ಸೊನ್ನೆಯಿಂದ ಎಣಿಸುವುದರಿಂದ 38ನೇ ಮನೆ ಅಂದರೆ ನಮ್ಮ ಎಣಿಕೆಯ 39ನೆಯದು, ವಿಶ್ವಾವಸು. 2047ಕ್ಕೆ ಕಳೆದರೆ ಸರಿಯಾಗಿ 60. ಶೇಷ ಸೊನ್ನೆ, ಮತ್ತೆ ಪ್ರಭವ. ಇನ್ನು ಸಾವಿರ ವರ್ಷ ಆಚೆಗೆ ಹೋದರೂ ಅರವತ್ತೇ ಹೆಸರು ಸಾಕು.

ಶಾಲೆಯಲ್ಲಿ ಭಾಗಾಕಾರ ಕಲಿಸುವಾಗ ನಾಲ್ಕು ಹೆಸರು ಹೇಳಿಕೊಡುತ್ತಿದ್ದರು: ಭಾಜ್ಯ, ಭಾಜಕ, ಭಾಗಲಬ್ಧ, ಶೇಷ. ಮರ್ಯಾದೆಯೆಲ್ಲ ಭಾಗಲಬ್ಧಕ್ಕೆ. ಶೇಷ ಸ್ಲೇಟಿನ ಕೆಳಗೆ ಮೂಲೆಯಲ್ಲಿ ಕೂತಿರುತ್ತಿತ್ತು, ಅದು ಸೊನ್ನೆಯಾದರೆ ಎಲ್ಲರಿಗೂ ಸಮಾಧಾನ. ದಶಮಾಂಶ ಕಲಿತ ಮೇಲೆ ಅದನ್ನು ಕೇಳುವವರೇ ಇಲ್ಲ. ಈ ಕಂಪ್ಯೂಟರ್ ಕಚೇರಿಗಳಿಗೆ ಬಂದ ಮೇಲೆ ಮಾತ್ರ ಗೊತ್ತಾಗುವುದು, ದಿನವಿಡೀ ದುಡಿಯುವುದು ಆ ಮೂಲೆಯ ಶೇಷವೇ. ಅದಕ್ಕಾಗಿ ಬಹುತೇಕ ಭಾಷೆಗಳಲ್ಲಿ % ಎಂಬ ಚಿಹ್ನೆ ಇದೆ. ಶೇಕಡಾಕ್ಕೂ ಅದಕ್ಕೂ ಸಂಬಂಧವಿಲ್ಲ. ಕೆಲಸಕ್ಕೆ ಹೊಸದಾಗಿ ಸೇರಿದ ವಾಣಿಜ್ಯ ಪದವೀಧರರು ಮೊದಲ ವಾರ ಇಲ್ಲಿ ಎಡವುತ್ತಾರೆ.

ಅಂಗಡಿಯ ವೆಬ್ ಪುಟದಲ್ಲಿ ಸೀರೆಯ ಐದು ಫೋಟೋ ಒಂದಾದ ಮೇಲೊಂದು ಸರಿದು, ಐದನೆಯದಾದ ಮೇಲೆ ಮೊದಲನೆಯದು ಬರುತ್ತದಲ್ಲ, ಅಲ್ಲಿ ನಡೆಯುವುದು ಈ ಶೇಷದ ಲೆಕ್ಕವೇ. ಬ್ಯಾಂಕಿನ ಪಟ್ಟಿಯಲ್ಲಿ ಒಂದು ಸಾಲು ಬಿಳಿ, ಒಂದು ಸಾಲು ಬೂದು ಬರುವುದೂ ಹಾಗೆಯೇ. ಹಂಚಿಕೊಂಡು ಕೆಲಸ ಮಾಡುವ ನಾಲ್ಕು ಸರ್ವರ್‌ಗಳ ನಡುವೆ ಬಂದ ಗಿರಾಕಿಗಳನ್ನು ಸರದಿಯ ಮೇಲೆ ಕಳಿಸುವಾಗಲೂ ಬೇರೆ ಲೆಕ್ಕವಿಲ್ಲ. ಹೊಸಬರಿಗೆ ಇದನ್ನು ಹೇಳಿಕೊಡುವಾಗ ನಾನು ಚೆನ್ನೆಮಣೆ ನೆನಪಿಸುತ್ತೇನೆ. ಹದಿನಾಲ್ಕು ಗುಳಿ, ಕೈಯಲ್ಲೊಂದಿಷ್ಟು ಹುಣಸೆಬೀಜ. ಕೊನೆಯ ಗುಳಿಗೆ ಬಂದೆವೆಂದು ಯಾರೂ ಆಟ ನಿಲ್ಲಿಸುವುದಿಲ್ಲ, ಕೈ ತಾನಾಗಿ ಮೊದಲ ಗುಳಿಗೆ ಹೊರಳುತ್ತದೆ. ಹನ್ನೆರಡನೇ ಗುಳಿಯ ಐದು ಬೀಜ ಎತ್ತಿ ಹಂಚಿದರೆ ಕೊನೆಯದು ಬೀಳುವುದು ಮೂರನೆಯದರಲ್ಲಿ. ಆಡಿ ಗೊತ್ತಿದ್ದವರು ಎಣಿಸುವುದೂ ಇಲ್ಲ. ಹಂಚುವ ಮೊದಲೇ ಅವರ ಕಣ್ಣು ಅಲ್ಲಿಗೆ ಹೋಗಿರುತ್ತದೆ.

ಸುತ್ತು ಹಾಕುವುದು ಸುಲಭ. ಎಡವಟ್ಟಾಗುವುದು ಸೊನ್ನೆ ಬಂದ ಕಡೆ.

2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಮೆಟ್ರೊ ಹಳದಿ ಮಾರ್ಗ ತೆರೆದಾಗ ಮೊದಮೊದಲು 25 ನಿಮಿಷಕ್ಕೊಂದು ರೈಲು. ತಪ್ಪಿದರೆ ಒಂದು ದರ್ಶಿನಿಗೆ ಹೋಗಿ ಇಡ್ಲಿ ತಿಂದು ಬರುವಷ್ಟು ಹೊತ್ತು. ನಮ್ಮ ತಂಡದ ಹುಡುಗಿಯೊಬ್ಬಳು ಫೋನಿಗೆ ಒಂದು ಪುಟ ಮಾಡಿಕೊಂಡಳು, ಮುಂದಿನ ರೈಲಿಗೆ ಇನ್ನೆಷ್ಟು ನಿಮಿಷ ಎಂದು. ಮೊದಲ ರೈಲು 6:30ಕ್ಕೆ ಎಂದು ಇಟ್ಟುಕೊಳ್ಳಿ. ಈಗ 9:12. ಹೋದ ನಿಮಿಷ 162. ಅದನ್ನು 25ರಿಂದ ಭಾಗಿಸಿದರೆ ಶೇಷ 12. ಅಂದರೆ ಹಿಂದಿನ ರೈಲು ಹೋಗಿ 12 ನಿಮಿಷ ಆಯಿತು, ಮುಂದಿನದಕ್ಕೆ 25ರಲ್ಲಿ 12 ಕಳೆದು 13. ಚೆನ್ನಾಗಿಯೇ ಇತ್ತು. ಒಂದು ದಿನ ರೈಲು ಬಾಗಿಲು ತೆರೆದು ಎದುರಿಗೇ ನಿಂತಿದೆ, ಪುಟ ಮಾತ್ರ “ಇನ್ನು 25 ನಿಮಿಷ” ಎನ್ನುತ್ತಿದೆ! ಶೇಷ ಸೊನ್ನೆಯಾದ ಗಳಿಗೆಗೆ ಸರಿಯಾಗಿ ಅವಳು ನಿಲ್ದಾಣಕ್ಕೆ ಬಂದಿದ್ದಳು. 25ರಲ್ಲಿ ಸೊನ್ನೆ ಕಳೆದರೆ 25 ತಾನೆ. ಬಂದ ಉತ್ತರವನ್ನು ಇನ್ನೊಮ್ಮೆ 25ರಿಂದ ಭಾಗಿಸಿ ಅದರ ಶೇಷ ತೆಗೆದುಕೊಂಡರೆ ಸರಿಹೋಗುತ್ತದೆ. ಹದಿಮೂರು ಹದಿಮೂರಾಗಿಯೇ ಉಳಿಯುತ್ತದೆ, ಇಪ್ಪತ್ತೈದು ಸೊನ್ನೆಯಾಗುತ್ತದೆ.

ಅಪ್ಪನದು ಸೊನ್ನೆಯ ಆಚೆಗಿನ ತೊಂದರೆ. 1956ರಿಂದ 1987 ಕಳೆದರೆ ಮೈನಸ್ 31. ಮೈನಸ್ 31ನ್ನು 60ರಿಂದ ಭಾಗಿಸಿದರೆ ಶೇಷ ಎಷ್ಟು? ಇದಕ್ಕೆ ಲೋಕದಲ್ಲಿ ಎರಡು ಮತಗಳಿವೆ, ಎರಡೂ ಸರಿಯೇ. ಶೆಟ್ಟರ ಅಂಗಡಿಯಲ್ಲಿ ನಿಮ್ಮ ಹೆಸರಿಗೆ 31 ರೂಪಾಯಿ ಬಾಕಿ ಇದೆ ಎನ್ನಿ. “ಬಾಕಿ 31” ಎಂದು ಪುಸ್ತಕದಲ್ಲಿ ಬರೆದಿಟ್ಟು ಸುಮ್ಮನಾಗುವುದು ಒಂದು ಮತ. ಅರವತ್ತರ ಒಂದು ಕಂತೆ ಅವರ ಕೈಗಿಟ್ಟು 29 ರೂಪಾಯಿ ಚಿಲ್ಲರೆ ವಾಪಸ್ ಪಡೆಯುವುದು ಇನ್ನೊಂದು ಮತ. ಪೈಥಾನ್ ಭಾಷೆ ಎರಡನೆಯ ಮತದ್ದು, 29 ಎನ್ನುತ್ತದೆ. ಬ್ರೌಸರ್‌ಗಳಲ್ಲಿ ಓಡುವ ಜಾವಾಸ್ಕ್ರಿಪ್ಟ್ ಮೊದಲನೆಯ ಮತದ್ದು, ಮೈನಸ್ 31 ಎನ್ನುತ್ತದೆ. ಮೈನಸ್ 31ನೇ ಮನೆ ಪಟ್ಟಿಯಲ್ಲಿ ಎಲ್ಲಿರಬೇಕು? ಅದಕ್ಕೇ ಆ ಇಂಗ್ಲಿಷ್ ಸಂವತ್ಸರ.

ಜಾವಾಸ್ಕ್ರಿಪ್ಟ್ ಹೀಗೇಕೆ ಎಂದರೆ ಅದು ಹಿರಿಯರ ದಾರಿ ಹಿಡಿಯಿತು. 1995ರಲ್ಲಿ ನೆಟ್‌ಸ್ಕೇಪ್ ಕಂಪನಿಗಾಗಿ ಬ್ರೆಂಡನ್ ಐಕ್ ಹತ್ತೇ ದಿನದಲ್ಲಿ ಅದರ ಮೊದಲ ರೂಪ ಕಟ್ಟಿದ. ಬರೆಯುವ ರೀತಿಯನ್ನು ಸಿ ಮತ್ತು ಜಾವಾ ಭಾಷೆಗಳಿಂದ ತಂದ, ಶೇಷದ ಈ ಪದ್ಧತಿಯೂ ಅವುಗಳ ಜೊತೆಗೇ ಬಂತು. ತಮಾಷೆಯೆಂದರೆ ಸಿ ಭಾಷೆಯೇ ಆಗಿನ್ನೂ ಈ ವಿಷಯದಲ್ಲಿ ಗಟ್ಟಿ ಮಾತಾಡಿರಲಿಲ್ಲ. ಮೈನಸ್ ಅಂಕಿಯ ಭಾಗಾಕಾರವನ್ನು ಆಯಾ ಯಂತ್ರದ ಮರ್ಜಿಗೆ ಬಿಟ್ಟಿತ್ತು. ಹೀಗೇ ಆಗಬೇಕು ಎಂದು ನಿಯಮ ಆದದ್ದು 1999ರ ಆವೃತ್ತಿಯಲ್ಲಿ. ವೆಬ್ ಪುಟದ ರೂಪುರೇಷೆ ಹೇಳುವ ಸಿಎಸ್‌ಎಸ್ ಭಾಷೆಗೆ ಈಚೆಗೆ ಎರಡು ಬೇರೆ ಬೇರೆ ಕ್ರಿಯೆಗಳನ್ನೇ ಕೊಟ್ಟಿದ್ದಾರೆ, ‘ಮಾಡ್’ ಒಂದು, ‘ರೆಮ್’ ಒಂದು. ಚಿಲ್ಲರೆ ಬೇಕಾದವರು ಅದನ್ನು ಬಳಸಲಿ, ಬಾಕಿ ಬೇಕಾದವರು ಇದನ್ನು. ಜಗಳವೇ ಬೇಡ ಎಂದುಕೊಂಡವರ ಕೆಲಸ ಅದು.

ರಿಪೇರಿ ಒಂದು ಸಾಲಿನದು. ಶೇಷಕ್ಕೆ 60 ಕೂಡಿಸು, ಮತ್ತೆ 60ರಿಂದ ಭಾಗಿಸಿ ಶೇಷ ತೆಗೆ. ಮೈನಸ್ 31ಕ್ಕೆ 60 ಕೂಡಿಸಿದರೆ 29. ಸೊನ್ನೆಯಿಂದ ಎಣಿಸಿದರೆ 29ನೇ ಮನೆ, ನಮ್ಮ ಎಣಿಕೆಯ ಮೂವತ್ತನೆಯದು, ದುರ್ಮುಖಿ. 2016ರಿಂದ 1987 ಕಳೆದರೂ ಬರುವುದು 29. ಆ ವರ್ಷವೇ ನಾವು ಅಪ್ಪನಿಗೆ ಷಷ್ಟ್ಯಬ್ದಿ ಮಾಡಿದ್ದು. ಪುರೋಹಿತರು ಸಂಕಲ್ಪದಲ್ಲಿ ದುರ್ಮುಖಿ ನಾಮ ಸಂವತ್ಸರೇ ಎಂದಾಗ ಅಪ್ಪ ತಲೆಯೆತ್ತಿ ನಮ್ಮನ್ನೆಲ್ಲ ಒಂದು ಸಲ ನೋಡಿದ್ದು ನೆನಪಿದೆ. ಹುಟ್ಟಿದ ವರ್ಷದ ಹೆಸರು ತಿರುಗಿ ಬಂದಾಗಲೇ ಆ ಶಾಂತಿ.

“ಸರಿಹೋಯ್ತಾ ನೋಡಿ” ಎಂದು ಫೋನ್ ಮಾಡಿದೆ. “ಹೋಯ್ತು. ಇಷ್ಟಕ್ಕೆ ಮೈನಸ್ ಯಾಕೆ ತಂದೆ? ಗತಶಾಲಿಗೆ ಹನ್ನೆರಡು ಸೇರಿಸಿ ಅರವತ್ತರಿಂದ ಭಾಗಿಸೋದು ತಾನೆ” ಎಂದರು ಅಪ್ಪ.

ಈ ಸೂತ್ರ ನನಗೆ ಗೊತ್ತಿರಲಿಲ್ಲ. ಬರೆದು ನೋಡಿದೆ. ಯುಗಾದಿಯ ಪಂಚಾಂಗದ ಮೇಲೆ, ಮದುವೆ ಕಾಗದದ ನೆತ್ತಿಯ ಮೇಲೆ ಅಚ್ಚಾಗಿರುತ್ತದಲ್ಲ, ‘ಗತಶಾಲಿ 1947’ ಎಂದು. ಶಾಲಿವಾಹನ ಶಕೆಯಲ್ಲಿ ಕಳೆದುಹೋದ ವರ್ಷಗಳು ಅಷ್ಟು. 1947ಕ್ಕೆ 12 ಕೂಡಿಸಿದರೆ 1959, ಅರವತ್ತರಿಂದ ಭಾಗಿಸಿದರೆ ಶೇಷ 39. ಒಂದರಿಂದ ಎಣಿಸುವ ನಮ್ಮ ಲೆಕ್ಕದಲ್ಲೇ ನೇರವಾಗಿ ಮೂವತ್ತೊಂಬತ್ತು, ವಿಶ್ವಾವಸು. ಅಪ್ಪನ ವರ್ಷ ಗತಶಾಲಿ 1878. ಹನ್ನೆರಡು ಕೂಡಿ 1890, ಶೇಷ 30, ದುರ್ಮುಖಿ. ಮೈನಸ್ಸೇ ಬರಲಿಲ್ಲ, ಏಕೆಂದರೆ ಸೊನ್ನೆಯನ್ನು ಸುಮಾರು ಎರಡು ಸಾವಿರ ವರ್ಷ ಹಿಂದಕ್ಕೆ ಇಟ್ಟಿದ್ದಾರೆ. ನಾನು ಅದನ್ನು 1987ಕ್ಕೆ ತಂದು ಅಪ್ಪ, ಅತ್ತೆ, ದೊಡ್ಡಪ್ಪ ಎಲ್ಲರನ್ನೂ ಅದರ ಹಿಂದಕ್ಕೆ ತಳ್ಳಿದ್ದೆ.

ಸೂತ್ರಕ್ಕೆ ಒಂದು ಬಾಲವೂ ಇದೆ: ಸೊನ್ನೆ ಉಳಿದರೆ ಅಕ್ಷಯ. ಗತಶಾಲಿ 1908, ಅಂದರೆ 1986ರ ಯುಗಾದಿಯಿಂದ ಶುರುವಾದ ವರ್ಷಕ್ಕೆ ಹನ್ನೆರಡು ಕೂಡಿದರೆ 1920. ಶೇಷವಿಲ್ಲ. ‘ಸೊನ್ನೆಯ ಸಂವತ್ಸರ’ ಎಂಬುದಿಲ್ಲದ ಕಾರಣ ಅದನ್ನು ಅರವತ್ತು ಎಂದು ಓದಿಕೊಳ್ಳಬೇಕು. ಎಕ್ಸೆಲ್ ಹಾಳೆಯ ಅಂಕಣಗಳಿಗೆ ಹೆಸರು ಕೊಡುವ ಪ್ರೋಗ್ರಾಮು ಬರೆದವರಿಗೆ ಈ ಬಾಲದ ನೋವು ಗೊತ್ತು. ಎ ಯಿಂದ ಜೆಡ್‌ವರೆಗೆ 26, ಆಮೇಲೆ ಎಎ. 26ನ್ನು 26ರಿಂದ ಭಾಗಿಸಿದರೆ ಶೇಷ ಸೊನ್ನೆ, ಸೊನ್ನೆಗೆ ಅಕ್ಷರವಿಲ್ಲ. ಅಲ್ಲಿಯೂ ಸೊನ್ನೆ ಉಳಿದರೆ ಜೆಡ್ ಎಂದು ಓದಿಕೊಂಡು, ಭಾಗಲಬ್ಧದಲ್ಲಿ ಒಂದು ಕಡಿಮೆ ಮಾಡಬೇಕು. ಇಂಟರ್‌ವ್ಯೂಗಳಲ್ಲಿ ಇದನ್ನು ಕೇಳಿ ಹುಡುಗರನ್ನು ಬೆವರಿಳಿಸುವವರಿದ್ದಾರೆ. ಪಂಚಾಂಗ ನೋಡುವ ಮನೆಯಿಂದ ಬಂದವನು ನಗುತ್ತಲೇ ಉತ್ತರಿಸಬಹುದಿತ್ತು.

ಗತ ಎಂಬ ಆ ಎರಡಕ್ಷರವನ್ನು ನಾನು ಅಲ್ಲಿಯವರೆಗೆ ಗಮನಿಸಿರಲಿಲ್ಲ. ಸೊನ್ನೆಯಿಂದ ಎಣಿಸಬೇಕೋ ಒಂದರಿಂದ ಎಣಿಸಬೇಕೋ ಎಂದು ಪ್ರೋಗ್ರಾಮರ್‌ಗಳು ಕಾಫಿ ಮಷೀನಿನ ಮುಂದೆ ಜಗಳವಾಡುತ್ತಾರೆ. ನಮ್ಮ ಶಾಸನಗಳನ್ನು ಓದುವವರಿಗೆ ಇದು ಹಳೆಯ ತಲೆನೋವು. ಕಲ್ಲಿನ ಮೇಲಿನ ಶಕವರ್ಷ ‘ಸಂದ’ ವರ್ಷವೋ ‘ನಡೆಯುವ’ ವರ್ಷವೋ? ಸಂದದ್ದು ಎಂದರೆ ಮುಗಿದ ವರ್ಷಗಳ ಎಣಿಕೆ, ಸೊನ್ನೆಯಿಂದ ಶುರು. ನಡೆಯುವುದು ಎಂದರೆ ಈಗ ಕಾಲಿಟ್ಟಿರುವ ವರ್ಷ, ಒಂದರಿಂದ ಶುರು. ಮಗುವಿಗೆ ‘ಎರಡು ತುಂಬಿತು’ ಅನ್ನುವುದಕ್ಕೂ ‘ಮೂರರಲ್ಲಿದೆ’ ಅನ್ನುವುದಕ್ಕೂ ಇರುವಷ್ಟೇ ವ್ಯತ್ಯಾಸ. ವರ್ಷವೊಂದು ಆಚೀಚೆ ಆಗುವುದು ಇಲ್ಲೇ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳನ್ನು ತಿರುವಿದರೆ ಒಂದರ ಮೇಲೊಂದು ಶಾಸನದಲ್ಲಿ ಶಕವರ್ಷದ ಅಂಕಿಯ ಪಕ್ಕ ಸಂವತ್ಸರದ ಹೆಸರೂ ಇರುತ್ತದೆ. ಕಲ್ಲುಕುಟಿಗನ ಉಳಿ ಅಂಕಿಯಲ್ಲಿ ತಪ್ಪಿದರೂ, ಮಳೆಗಾಳಿಗೆ ಒಂದು ಅಂಕಿ ಸವೆದರೂ ಹೆಸರನ್ನು ಹಿಡಿದು ವರ್ಷ ಪತ್ತೆಹಚ್ಚಬಹುದು. ನಾವು ಆಧಾರ್ ಸಂಖ್ಯೆಯ ಕೊನೆಗೆ ಒಂದು ತಪಾಸಣೆಯ ಅಂಕಿ ಇಡುವ ಹಾಗೆ.

ಹೆಸರು ಹಿಡಿದು ವರ್ಷ ಹುಡುಕುವ ಈ ಉಪಾಯ ನಡೆಯುವುದು ಒಂದು ಕಾಲದಿಂದ ಈಚಿನ, ದಕ್ಷಿಣದ ಶಾಸನಗಳಿಗೆ ಮಾತ್ರ. ಮೂಲದಲ್ಲಿ ಈ ಅರವತ್ತರ ಸುತ್ತು ಗುರುಗ್ರಹದ್ದು. ಗುರು ಒಂದು ರಾಶಿ ದಾಟಲು ತೆಗೆದುಕೊಳ್ಳುವುದು ಸರಾಸರಿ 361 ದಿನ, ಸೌರವರ್ಷಕ್ಕಿಂತ ನಾಲ್ಕು ದಿನ ಕಡಿಮೆ. ಆ ನಾಲ್ಕು ನಾಲ್ಕು ದಿನ ಸೇರಿ ಸುಮಾರು 85 ವರ್ಷಕ್ಕೆ ಒಂದು ಸಂವತ್ಸರ ಹೆಚ್ಚಾಗುತ್ತದೆ. ಉತ್ತರದವರು ಲೆಕ್ಕ ಕಾಪಾಡಲು ಒಂದು ಹೆಸರನ್ನು ಹಾರಿಸುತ್ತಾರೆ. ದಕ್ಷಿಣದವರು ಹಾರಿಸುವುದನ್ನು ಬಿಟ್ಟು, ಯುಗಾದಿಗೊಂದು ಹೆಸರು ಎಂದು ಗುರುವಿನಿಂದ ಬಿಡಿಸಿಕೊಂಡರು. ಖಗೋಳದ ದೃಷ್ಟಿಯಿಂದ ಇದು ಸೋಮಾರಿತನ ಎನ್ನುವವರು ಅನ್ನಲಿ. ಪ್ರೋಗ್ರಾಮು ಬರೆಯುವವನಾಗಿ ನಾನು ದಕ್ಷಿಣದ ಪಕ್ಷ.

ಪೀಣ್ಯದ ಕಾರ್ಖಾನೆಗಳಲ್ಲಿ ಇದೇ ಶೇಷದ ಲೆಕ್ಕ ತಪ್ಪಿದರೆ ಜನರ ನಿದ್ದೆಯೇ ಹೋಗುತ್ತದೆ. ಗೆಳೆಯನೊಬ್ಬ ಅಲ್ಲಿನ ಒಂದು ಕಾರ್ಖಾನೆಗೆ ಶಿಫ್ಟ್ ಪಟ್ಟಿ ತೋರಿಸುವ ವೆಬ್ ಪುಟ ಮಾಡಿಕೊಟ್ಟಿದ್ದ. ಮೂರು ತಂಡ, ಮೂರು ಪಾಳಿ: ಬೆಳಿಗ್ಗೆ 6ರಿಂದ 2, 2ರಿಂದ ರಾತ್ರಿ 10, 10ರಿಂದ 6. ವಾರಕ್ಕೊಮ್ಮೆ ಬದಲು. ವಾರದ ಸಂಖ್ಯೆಗೆ ತಂಡದ ಸಂಖ್ಯೆ ಕೂಡಿಸಿ 3ರಿಂದ ಭಾಗಿಸು. ಶೇಷ 0 ಆದರೆ ಫಸ್ಟ್ ಶಿಫ್ಟ್, 1 ಆದರೆ ಸೆಕೆಂಡ್, 2 ಆದರೆ ನೈಟ್. ಮಾರ್ಚ್‌ನಲ್ಲಿ ಹಾಕಿದ್ದು, ಡಿಸೆಂಬರ್ ಮುಗಿಯುವವರೆಗೆ ಒಂದೂ ದೂರಿಲ್ಲ. ಜನವರಿ ಮೊದಲ ಸೋಮವಾರ ಬೆಳಿಗ್ಗೆ ಏಳಕ್ಕೇ ಒಂದನೇ ತಂಡದ ಲೀಡರ್ ಫೋನ್ ಮಾಡಿದರಂತೆ: “ಸಾರ್, ವಾರಪೂರ್ತಿ ನೈಟ್ ಮುಗಿಸಿ ಈಗ ಮನೆಗೆ ಬಂದಿದ್ದೀವಿ. ಬೋರ್ಡಲ್ಲಿ ಇವತ್ತಿಂದ ಮತ್ತೆ ನೈಟ್ ತೋರಿಸ್ತಿದೆ. ಇದು ಯಾವ ಸೀಮೆ ಹೊಸ ವರ್ಷ?”

ಲೆಕ್ಕ ಹಾಕಿ. 52ನೇ ವಾರ, ಒಂದನೇ ತಂಡ, ಕೂಡಿದರೆ 53, ಶೇಷ 2, ನೈಟ್. ಮುಂದಿನದು ಹೊಸ ವರ್ಷದ 1ನೇ ವಾರ, ಕೂಡಿದರೆ 2, ಶೇಷ 2, ಮತ್ತೆ ನೈಟ್. 52 ಮೂರರಿಂದ ನಿಶ್ಶೇಷವಾಗಿ ಭಾಗವಾಗುವುದಿಲ್ಲ, ಒಂದು ಉಳಿಯುತ್ತದೆ. ಆ ಒಂದು ವರ್ಷಾಂತ್ಯದಲ್ಲಿ ಹೊಲಿಗೆ ಬಿಟ್ಟ ಜಾಗದಂತೆ ಬಾಯಿ ತೆರೆಯುತ್ತದೆ. 53 ವಾರಗಳಿರುವ ವರ್ಷವಾದರೆ ಇನ್ನೂ ವಿಚಿತ್ರ. 2026 ಅಂಥದ್ದು, ಏಕೆಂದರೆ ಅದರ ಜನವರಿ 1 ಗುರುವಾರ. ಅಂಥ ವರ್ಷದ ಕೊನೆಯಲ್ಲಿ ಇದೇ ತಂಡಕ್ಕೆ ಒಂದು ವಾರ ನೈಟ್, ಮರುವಾರ ಫಸ್ಟ್, ಅದರ ಮರುವಾರ ತಿರುಗಿ ನೈಟ್. ವಾರಗಳ ಸುತ್ತು ಒಂದು, ವರ್ಷದ ಸುತ್ತು ಇನ್ನೊಂದು. ಒಂದನ್ನು ಇನ್ನೊಂದರ ಒಳಗೆ ತುರುಕಬಾರದಿತ್ತು. ಗೆಳೆಯ ಮಾಡಿದ ರಿಪೇರಿ ಪಂಚಾಂಗದವರದ್ದೇ: ಹಳೆಯದೊಂದು ಸೋಮವಾರವನ್ನು ಹಿಡಿದು ಅಲ್ಲಿಂದ ಎಷ್ಟು ವಾರ ಸಂದಿತು ಎಂದು ನಿಲ್ಲಿಸದೆ ಎಣಿಸುವುದು. ಹೊಸ ವರ್ಷ ಬಂದರೂ ಎಣಿಕೆ ಒಂದಕ್ಕೆ ಇಳಿಯುವುದಿಲ್ಲ. ಆ ವಾರ ಮಾತ್ರ ಪಟ್ಟಿಯನ್ನು ಕೈಯಲ್ಲೇ ಬರೆದು ಅಂಟಿಸಿದರಂತೆ.

ಕಂಪ್ಯೂಟರುಗಳಿಗೂ ಹೀಗೊಂದು ಶಕೆ ಇದೆ, 1970ರ ಜನವರಿ 1. ಅದು ಗುರುವಾರ. ಯಾವ ದಿನದ ವಾರ ಬೇಕಾದರೂ ಅಲ್ಲಿಂದ ಎಷ್ಟು ದಿನ ಎಂದು ಎಣಿಸಿ ಏಳರಿಂದ ಭಾಗಿಸಿದರಾಯಿತು. 1956ರ ನವೆಂಬರ್ 1 ಅದಕ್ಕಿಂತ 4809 ದಿನ ಹಿಂದೆ. 4809 ಎಂದರೆ ಸರಿಯಾಗಿ 687 ವಾರ, ಏನೂ ಉಳಿಯುವುದಿಲ್ಲ. ಕನ್ನಡ ರಾಜ್ಯ ಹುಟ್ಟಿದ್ದೂ ಗುರುವಾರವೇ.

ಸೋಮವಾರ ಆದ ಮೇಲೆ ಮಂಗಳವಾರವೇ ಏಕೆ ಬರಬೇಕು ಎಂಬುದರ ಹಿಂದೆಯೂ ಒಂದು ಶೇಷ ಕೂತಿದೆ. ಹಳಬರು ಗ್ರಹಗಳನ್ನು ನಿಧಾನದಿಂದ ವೇಗಕ್ಕೆ ಹೀಗೆ ಜೋಡಿಸಿದ್ದರು: ಶನಿ, ಗುರು, ಕುಜ, ರವಿ, ಶುಕ್ರ, ಬುಧ, ಚಂದ್ರ. ಗಂಟೆಗೊಂದು ಹೋರೆ, ಹೋರೆಗೊಬ್ಬ ಒಡೆಯ, ಸರದಿಯ ಮೇಲೆ. ದಿನದ ಮೊದಲ ಹೋರೆ ಯಾರದೋ ದಿನವೂ ಅವರದೇ. ದಿನಕ್ಕೆ 24 ಹೋರೆ, ಒಡೆಯರು ಏಳು, ಶೇಷ ಮೂರು. ಆದ್ದರಿಂದ ಪ್ರತಿದಿನ ಮೂರು ಹೆಜ್ಜೆ ಮುಂದೆ. ಶನಿಯಿಂದ ಮೂರು ಎಣಿಸಿದರೆ ರವಿ, ರವಿಯಿಂದ ಮೂರು ಚಂದ್ರ, ಅಲ್ಲಿಂದ ಸುತ್ತಿ ಬಂದು ಕುಜ, ಆಮೇಲೆ ಬುಧ, ಗುರು, ಶುಕ್ರ. ವಾರದ ಏಳು ದಿನ ಸಿಕ್ಕಿಬಿಟ್ಟವು.

ನನಗೆ ಎಲ್ಲಕ್ಕಿಂತ ಹೆಚ್ಚು ಖುಷಿ ಕೊಟ್ಟದ್ದು ವೈಟ್‌ಫೀಲ್ಡಿನ ಒಂದು ಕ್ಯಾಂಟೀನ್. ಅಲ್ಲಿಯ ಕಚೇರಿಯಲ್ಲಿ ಆರು ತಿಂಗಳು ಕೂತಿದ್ದಾಗ ಎದುರಿನ ಮೇಜಿನ ಹಿರಿಯ ಸಹೋದ್ಯೋಗಿ ಮೇಡಂ ಊಟದ ಹೊತ್ತಿಗೆ ಮೆಲ್ಲಗೆ ರಾಗ ಗುನುಗುತ್ತಿದ್ದರು. ಒಂದು ದಿನ ಟಿಶ್ಯೂ ಪೇಪರಿನ ಮೇಲೆ ಬರೆದು ತೋರಿಸಿದರು. “ಮೇಚಕಲ್ಯಾಣಿ ಎಷ್ಟನೇ ಮೇಳ ಹೇಳ್ರಿ? ಹೆಸರಲ್ಲೇ ಇದೆ.”

ಮೇಳ ಎಂದರೆ ಕರ್ನಾಟಕ ಸಂಗೀತದ ಮೂಲರಾಗ. ಅದರ ಸಂಖ್ಯೆಯನ್ನು ಹೆಸರಿನಿಂದ ತೆಗೆಯುವ ಕಟಪಯಾದಿ ಪದ್ಧತಿಯಲ್ಲಿ ಅಕ್ಷರಕ್ಕೊಂದು ಅಂಕಿ. ಕ, ಟ, ಪ, ಯ ಈ ನಾಲ್ಕರಿಂದಲೂ ಒಂದು ಎಂದು ಎಣಿಕೆ ಶುರು. ಪ ದಿಂದ ಎಣಿಸಿದರೆ ಮ ಐದು. ಕ ದಿಂದ ಎಣಿಸಿದರೆ ಚ ಆರು. ಮೇಚಕ್ಕೆ 56, ಹಿಂದುಮುಂದು ಮಾಡಿ ಓದಬೇಕು, 65. ಅವರು ಹೇಳಿದ್ದು ಇಷ್ಟು. ಆ ರಾತ್ರಿ ಮಲಗಿ ವರ್ಣಮಾಲೆಯ ಚಾರ್ಟನ್ನು ಮನಸ್ಸಿನಲ್ಲೇ ಹರವಿಕೊಂಡಾಗ ಹೊಳೆಯಿತು. ವರ್ಗೀಯ ವ್ಯಂಜನ 25. ಕ ಮೊದಲನೆಯದು, ಞ ಹತ್ತನೆಯದು, ಅದಕ್ಕೆ ಸೊನ್ನೆ. ಟ ಹನ್ನೊಂದನೆಯದು, ಅದಕ್ಕೆ ಒಂದು. ನ ಇಪ್ಪತ್ತನೆಯದು, ಮತ್ತೆ ಸೊನ್ನೆ. ಪ ಇಪ್ಪತ್ತೊಂದು, ಮತ್ತೆ ಒಂದು. ಅಂದರೆ ಅಕ್ಷರದ ಸ್ಥಾನವನ್ನು ಹತ್ತರಿಂದ ಭಾಗಿಸಿದ ಶೇಷ! ಐದೈದರ ಸಾಲುಗಳಲ್ಲಿ ಅಕ್ಷರ ಜೋಡಿಸಿದವರ ಕೈಯಲ್ಲಿ ಇದು ತಾನೇ ತಾನಾಗಿ ಕೂತುಕೊಂಡಿದೆ. ಯ ಬಂದಾಗ ಮಾತ್ರ ಆರು ಎನ್ನದೆ ಹೊಸದಾಗಿ ಒಂದು ಎಂದು ಶುರುಮಾಡುತ್ತಾರೆ.

ಈಗ 65 ಕೈಯಲ್ಲಿದೆ. ಅದರಿಂದ ರಾಗದ ಸ್ವರಗಳನ್ನು ತೆಗೆಯಬೇಕು. ಮೊದಲು ಒಂದು ಕಳೆ, 64. 36ರಿಂದ ಭಾಗಿಸು: ಭಾಗಲಬ್ಧ 1, ಆದ್ದರಿಂದ ಪ್ರತಿ ಮಧ್ಯಮ, ಸೊನ್ನೆ ಬಂದಿದ್ದರೆ ಶುದ್ಧ ಮಧ್ಯಮ. ಶೇಷ 28. ಅದನ್ನು 6ರಿಂದ ಭಾಗಿಸು: ಭಾಗಲಬ್ಧ 4, ಶೇಷವೂ 4. ಭಾಗಲಬ್ಧ ರಿಷಭ-ಗಾಂಧಾರಗಳ ಆರು ಜೋಡಿಯಲ್ಲಿ ಒಂದನ್ನು ಆರಿಸುತ್ತದೆ, ಶೇಷ ಧೈವತ-ನಿಷಾದಗಳ ಆರು ಜೋಡಿಯಲ್ಲಿ ಒಂದನ್ನು. ಸೊನ್ನೆಯಿಂದ ಎಣಿಸಿ ನಾಲ್ಕನೆಯದು ಎಂದರೆ ಚತುಃಶ್ರುತಿ ರಿಷಭ, ಅಂತರ ಗಾಂಧಾರ. ಚತುಃಶ್ರುತಿ ಧೈವತ, ಕಾಕಲಿ ನಿಷಾದ. ಕಲ್ಯಾಣಿ ಎದುರಿಗೆ ನಿಂತಳು. ಧೀರಶಂಕರಾಭರಣ ನೋಡಿ: ಧ ಒಂಬತ್ತು, ರ ಎರಡು, ತಿರುಗಿಸಿದರೆ 29. ಒಂದು ಕಳೆದರೆ 28, ಅದೇ ಇಪ್ಪತ್ತೆಂಟು. ಸ್ವರಗಳೆಲ್ಲ ಅವೇ, ಮಧ್ಯಮ ಒಂದು ಮಾತ್ರ ಶುದ್ಧ. ಕೇಳುವ ಕಿವಿಗೆ ಈ ಎರಡು ರಾಗಗಳ ನಡುವೆ ಎಷ್ಟು ದೂರ! ಲೆಕ್ಕದಲ್ಲಿ ಒಂದು 36ರ ಅಂತರ.

72 ಮೇಳಗಳ ಈ ಚೌಕಟ್ಟನ್ನು ಚತುರ್ದಂಡಿ ಪ್ರಕಾಶಿಕೆಯಲ್ಲಿ ಹಾಕಿಕೊಟ್ಟವರು 17ನೇ ಶತಮಾನದ ವೆಂಕಟಮಖಿ. ಬದುಕಿದ್ದು ತಂಜಾವೂರಿನಲ್ಲಿ, ಮನೆತನ ಕನ್ನಡದ್ದು. ಈಗ ನಾವು ಬಳಸುವ ಕನಕಾಂಗಿ, ರತ್ನಾಂಗಿ ಮುಂತಾದ ಹೆಸರುಗಳು ಆಮೇಲೆ ಬಂದವು. ಫೋಟೋಗಳನ್ನು ಆರಾರರ ಸಾಲಿನಲ್ಲಿ ಜೋಡಿಸುವ ವೆಬ್ ಪುಟದಲ್ಲಿ ನಾವು ಬರೆಯುವುದೂ ಇದನ್ನೇ: ಭಾಗಲಬ್ಧ ಎಷ್ಟನೇ ಸಾಲು ಎಂದು ಹೇಳುತ್ತದೆ, ಶೇಷ ಸಾಲಿನೊಳಗೆ ಎಷ್ಟನೆಯದು ಎಂದು. ಮೇಡಂ ನಾನು ಮಾಡಿದ 72 ಗುಂಡಿಗಳ ಪುಟ ನೋಡಿ, “ಒಂದು ಕಳೆಯೋದನ್ನ ಮರೀಬೇಡ್ರಿ, ಮರೆತರೆ ಆರನೆಯ ತಾನರೂಪಿ ಮುಂದಿನ ಆರರ ಚಕ್ರಕ್ಕೆ ಹೋಗಿ ಬೀಳ್ತಾಳೆ” ಎಂದಿದ್ದರು. ನಾನು ಮರೆತಿದ್ದೆ.

ಮರಳಿ ಯುಗಾದಿಯ ಹಿಂದಿನ ಸಂಜೆಗೆ. ಬೇವು ತಂದಾಗಿತ್ತು. ಗುಂಪಿನಲ್ಲಿ ಎಲ್ಲರ ಸಂವತ್ಸರವೂ ಸರಿಯಾಗಿ ಬರುತ್ತಿದೆ ಎಂದು ನಾನು ಕಾಲು ಚಾಚಿದ್ದೆ. ಆಗ ಅತ್ತೆಯ ಮೆಸೇಜು ಬಂತು: “ನನಗೆ ಶುಭಕೃತು ಅಂತ ತೋರಿಸ್ತಿದೆ. ನಾನು ಪ್ಲವ. ಅಷ್ಟಗ್ರಹ ಕೂಟದ ವಾರ ಹುಟ್ಟಿದವಳು.”

1962ರ ಫೆಬ್ರವರಿ. ಗ್ರಹಗಳೆಲ್ಲ ಮಕರದಲ್ಲಿ ಸೇರಿ ಪ್ರಳಯವಾಗುತ್ತದೆಂದು ದೇಶವೆಲ್ಲ ಹೋಮ, ಭಜನೆ ಮಾಡಿದ ದಿನಗಳು. ಅತ್ತೆ ಹೇಳಿದ್ದು ಸರಿ. ಫೆಬ್ರವರಿಯಲ್ಲಿ ಇನ್ನೂ ಯುಗಾದಿ ಬಂದಿರಲಿಲ್ಲ, ಹಿಂದಿನ ವರ್ಷದ ಪ್ಲವವೇ ನಡೆಯುತ್ತಿತ್ತು. ರಕ್ಕಸತಂಗಡಿಯ ಯುದ್ಧವನ್ನು ನನ್ನ ಪುಟಕ್ಕೆ ಕೇಳಿದ್ದರೂ ತಪ್ಪೇ ಹೇಳುತ್ತಿತ್ತು. ಅದು 1565ರ ಜನವರಿ, ಸಂವತ್ಸರ ರಕ್ತಾಕ್ಷಿ. ಪುಟ ಕ್ರೋಧನ ಎನ್ನುತ್ತಿತ್ತು. ಜನವರಿಯಿಂದ ಯುಗಾದಿಯವರೆಗೆ ಹುಟ್ಟಿದವರಿಗೆಲ್ಲ ಒಂದು ಕಳೆಯಬೇಕು. ಅದಕ್ಕೆ ಆಯಾ ವರ್ಷದ ಯುಗಾದಿ ಯಾವತ್ತು ಎಂದು ಗೊತ್ತಿರಬೇಕು.

ಅದಕ್ಕೂ ಒಂದು ಸುತ್ತು ಸಿಕ್ಕೀತೇ ಎಂದು ಹುಡುಕಿದೆ. 19 ಸೌರವರ್ಷಗಳಲ್ಲಿ ಹೆಚ್ಚುಕಡಿಮೆ ಸರಿಯಾಗಿ 235 ಚಾಂದ್ರಮಾಸ ಹಿಡಿಯುತ್ತವೆ, ಹಾಗಾಗಿ 19 ವರ್ಷಕ್ಕೊಮ್ಮೆ ಯುಗಾದಿ ಅದೇ ತಾರೀಖಿಗೆ ಬರಬೇಕು. 2025ರಲ್ಲಿ ಮಾರ್ಚ್ 30. 2006ರಲ್ಲಿ ಮಾರ್ಚ್ 30. 1987ರಲ್ಲೂ ಮಾರ್ಚ್ 30! 2024ಕ್ಕೆ ಏಪ್ರಿಲ್ 9, 2005ಕ್ಕೂ ಏಪ್ರಿಲ್ 9. ಹತ್ತೊಂಬತ್ತೇ ತಾರೀಖು ಬರೆದರೆ ಸಾಕು ಎಂದು ಕುಣಿದಾಡುವಷ್ಟಾಯಿತು. ಆಮೇಲೆ 2023 ನೋಡಿದೆ, ಮಾರ್ಚ್ 22. 2004, ಮಾರ್ಚ್ 21. ಅಮಾವಾಸ್ಯೆ ಸೂರ್ಯೋದಯಕ್ಕೆ ಮೊದಲೇ ಮುಗಿಯಿತೋ, ಸೂರ್ಯೋದಯವಾದ ಮೇಲೆ ಮುಗಿಯಿತೋ ಎಂಬುದರ ಮೇಲೆ ಒಂದು ದಿನ ಜಾರುತ್ತದೆ. ಆ ಒಂದು ದಿನದಲ್ಲಿ ಹುಟ್ಟಿದ ಮಗುವಿಗೆ ತಪ್ಪು ಹೆಸರು ಹೇಳಿದರೆ ಅದರ ಅಜ್ಜಿ ಫೋನ್ ಮಾಡದೆ ಬಿಡುವುದಿಲ್ಲ.

ಸೂತ್ರ ಸಿಗದ ಕಡೆ ಪಟ್ಟಿ ಬರೆಯಬೇಕು, ಬೇರೆ ದಾರಿಯಿಲ್ಲ. ಅಟ್ಟದ ಮೇಲಿನ ಟ್ರಂಕಿನಲ್ಲಿ ಅಜ್ಜನ ಕಾಲದಿಂದ ಕೂಡಿಟ್ಟ ಪಂಚಾಂಗಗಳಿವೆ. ಅಪ್ಪ ಅವನ್ನು ಇಳಿಸಿ, ಧೂಳು ಕೊಡವಿ, ಕನ್ನಡಕ ಹಾಕಿಕೊಂಡು ಒಂದೊಂದೇ ಯುಗಾದಿಯ ತಾರೀಖು ಓದುತ್ತಾ ಹೋದರು. ಫೋನನ್ನು ಸ್ಪೀಕರಿಗೆ ಹಾಕಿ ನಾನು ಟೈಪಿಸುತ್ತಾ ಹೋದೆ. ರಾತ್ರಿ ಹನ್ನೊಂದಾಯಿತು. 1973 ಆಯಿತು. 1974ರ ಪುಸ್ತಕ ತೆರೆದವರು ಸುಮ್ಮನಾದರು.

“ಇದನ್ನ ಗೆದ್ದಲು ತಿಂದಿದೆ ಕಣೋ. ಚೈತ್ರದ ಪುಟವೇ ಇಲ್ಲ. ಒಂದು ಮನೆ ಖಾಲಿ ಬಿಡು, ನಿಮ್ಮತ್ತೆ ಹತ್ರ ಇರುತ್ತೆ, ಬೆಳಿಗ್ಗೆ ಕೇಳೋಣ.”

ಖಾಲಿ ಬಿಟ್ಟು 1975ಕ್ಕೆ ಹೋದೆ.